ರಾಜೀನಾಮೆ ಕೊಟ್ಟು ಅಘನಾಶಿನಿ ದಡಕ್ಕೆ ಹೋಗಿ ಕೂತೆ

2023ರ ದೀಪಾವಳಿಗೆ ಎರಡು ದಿನ ಮೊದಲು, ಶುಕ್ರವಾರ ಸಂಜೆ, ರಾಜೀನಾಮೆ ಮೇಲ್ ಕಳಿಸಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ, 9 ವರ್ಷ ಆಗಿತ್ತು. ಮೇಲ್ ಬರೆಯಲು 4 ನಿಮಿಷ ಹಿಡಿಯಿತು. ಕಳಿಸುವ ಬಟನ್ ಒತ್ತಲು ಎಂಟು ತಿಂಗಳು ಹಿಡಿದಿತ್ತು.

ತುಮಕೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದರು. ಯಾರೂ ಏನೂ ಅಂದಿರಲಿಲ್ಲ. ಬಾಸ್ ಕೆಟ್ಟವರಲ್ಲ, ಸಂಬಳ ಕಮ್ಮಿ ಇರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎದೆ ಮೇಲೆ ಕಲ್ಲಿಟ್ಟ ಹಾಗೆ ಆಗುತ್ತಿತ್ತು, ಅಷ್ಟೇ. ಅದನ್ನು ಅಮ್ಮನಿಗೆ ಹೇಗೆ ವಿವರಿಸುವುದು? "ಸ್ವಲ್ಪ ದಿನ ರೆಸ್ಟ್ ಅಮ್ಮಾ" ಅಂದೆ. "ರೆಸ್ಟ್ ಅಂದ್ರೆ ರಜೆ ಹಾಕು, ಕೆಲಸ ಯಾಕೆ ಬಿಡ್ತೀಯ" ಅಂದರು. ಲೆಕ್ಕಕ್ಕೆ ಸರಿಯಾದ ಮಾತೇ. ಆದರೆ ಹಿಂದಿನ ವರ್ಷ 5 ದಿನ ರಜೆ ಹಾಕಿ ಮಡಿಕೇರಿಗೆ ಹೋಗಿದ್ದೆ. ಅದರಲ್ಲಿ ಮೂರು ದಿನ ಹೋಮ್‌ಸ್ಟೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಹಾಗಾಗಿ ಈ ಸಲ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೇ ಹೊರಡುವುದು ಎಂದು ಗಟ್ಟಿ ಮಾಡಿಕೊಂಡೆ.

ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ನೋಟಿಸ್ ಅವಧಿ 90 ದಿನ. ಆ ಮೂರು ತಿಂಗಳಲ್ಲಿ ಮಾಡಿದ ಕೆಲಸಗಳನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಆರಾಮಾಗಿ ಕೂರಲು ಆಗಿದ್ದು ಇವುಗಳಿಂದಲೇ. ಎಲ್ಲಕ್ಕಿಂತ ಮೊದಲು ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಹೊಸದಾಗಿ ಸ್ವಂತ ಪಾಲಿಸಿ ಮಾಡಿಸಿದರೆ, ಅಪಘಾತ ಬಿಟ್ಟು ಬೇರೆ ಕಾಯಿಲೆಗಳಿಗೆ ಮೊದಲ 30 ದಿನ ದುಡ್ಡು ಸಿಗುವುದಿಲ್ಲ. ಅದಕ್ಕೇ ರಾಜೀನಾಮೆ ಕೊಟ್ಟ ಮರುವಾರವೇ ಮಾಡಿಸಿದೆ. ಆ 30 ದಿನ ನೋಟಿಸ್ ಅವಧಿಯಲ್ಲೇ ಕಳೆದುಹೋಯಿತು. ಎಡವಿದ್ದು ಅಮ್ಮನ ವಿಷಯದಲ್ಲಿ. ಅವರೂ ಕಂಪನಿ ಪಾಲಿಸಿಯಲ್ಲೇ ಇದ್ದರು, ಅವರಿಗೆ ಶುಗರ್ ಇದೆ. ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಕೆಲಸ ಬಿಡುವ ಯೋಚನೆ ದೂರದಲ್ಲೆಲ್ಲೋ ಇದ್ದರೂ ಸರಿ, ಅಪ್ಪ-ಅಮ್ಮನ ಪಾಲಿಸಿ ಇವತ್ತೇ ಬೇರೆ ಮಾಡಿಸಿಡಿ. ಇದೊಂದು ಮಾತ್ರ ಜೋರಾಗಿ ಹೇಳುತ್ತೇನೆ.

ದುಡ್ಡಿನ ಲೆಕ್ಕ ಹೀಗೆ. ಬಾಡಿಗೆ, ಅಮ್ಮನಿಗೆ ಕಳಿಸುವುದು, ದಿನಸಿ ಎಲ್ಲ ಸೇರಿಸಿ 8 ತಿಂಗಳ ಖರ್ಚು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆ. ಪ್ರವಾಸಕ್ಕೆ ಬೇರೆ 30 ಸಾವಿರ. 5 ವರ್ಷ ದಾಟಿದ್ದರಿಂದ ಗ್ರಾಚ್ಯುಟಿ, ಅಂದರೆ ಸೇವೆಗೆ ಕಂಪನಿ ಕೊಡುವ ಇಡಿಗಂಟು, ಬರಬೇಕಿತ್ತು: ಆಗಿನ ಲೆಕ್ಕದಲ್ಲಿ ಕೊನೆಯ ಮೂಲ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತ. ನನ್ನ ಮೂಲ ವೇತನ 40 ಸಾವಿರ, ಹಾಗಾಗಿ ಸುಮಾರು 2 ಲಕ್ಷ 8 ಸಾವಿರ. ಆದರೆ ಇದನ್ನು ಪ್ರವಾಸದ ಲೆಕ್ಕಕ್ಕೆ ಹಿಡಿಯಲಿಲ್ಲ. ಒಳ್ಳೆಯದೇ ಆಯಿತು, ಫೈನಲ್ ಸೆಟ್ಲ್‌ಮೆಂಟ್ ಕೈಗೆ ಬಂದಿದ್ದು 52 ದಿನ ಆದ ಮೇಲೆ, ಅದೂ ಮೂರು ಮೇಲ್ ಹಾಕಿದ ಮೇಲೆ. ಪಿಎಫ್ ಮುಟ್ಟಲಿಲ್ಲ. ಕೈಗೆ ಸಿಗುವಂತಿರುವ ದುಡ್ಡು ರಜೆಯಲ್ಲಿ ಬೇಗ ಕರಗುತ್ತದೆ.

2024ರ ಫೆಬ್ರವರಿ 9 ಕೊನೆಯ ದಿನ. ಐಡಿ ಕಾರ್ಡ್ ಕೊಟ್ಟು ಹೊರಗೆ ಬಂದಾಗ ಸಂಜೆ ಐದೂವರೆ, ಹೊರವರ್ತುಲ ರಸ್ತೆಯಲ್ಲಿ ಟ್ರಾಫಿಕ್ ಎಂದಿನಂತೆ ನಿಂತಿತ್ತು. ಏನೋ ದೊಡ್ಡದು ಅನಿಸಬಹುದು ಅಂದುಕೊಂಡಿದ್ದೆ. ಹಸಿವಾಯಿತು. ಮಸಾಲೆ ದೋಸೆ ತಿಂದು ಮನೆಗೆ ಹೋದೆ.

ಸೋಮವಾರ ಯಶವಂತಪುರದಿಂದ ಕಾರವಾರದ ಹಗಲು ರೈಲು. ರಾತ್ರಿ ರೈಲು, ಬಸ್ಸು ಎಲ್ಲ ಇವೆ. ಆದರೆ ಸಮಯ ಉಳಿಸುವ ಗರಜೇ ಇಲ್ಲದ ಮೇಲೆ ಘಟ್ಟವನ್ನು ಕತ್ತಲಲ್ಲಿ ಯಾಕೆ ಇಳಿಯಬೇಕು, ಅಲ್ವಾ? ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್, 57 ಸುರಂಗ. ಪ್ರತಿ 50 ಅಡಿಗೆ 1 ಅಡಿ ಇಳಿಜಾರು, ಹಾಗಾಗಿ ರೈಲು ಎತ್ತಿನಗಾಡಿಯ ಹಾಗೆ ನಡೆಯುತ್ತದೆ. ಎದುರು ಸೀಟಿನ ಹುಡುಗ ಬೆರಳು ಮಡಿಚಿ ಸುರಂಗ ಎಣಿಸುತ್ತಿದ್ದ. ಮೂವತ್ತೊಂದಕ್ಕೆ ನಿದ್ದೆ ಹೋದ. ಹೊತ್ತು ಮುಳುಗುವಾಗ ಹೊನ್ನಾವರದ ಹತ್ತಿರ ಶರಾವತಿ ಸೇತುವೆ. ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಇಡೀ ಬೋಗಿ ಕಿಟಕಿಗೆ ಅಂಟಿಕೊಂಡಿತ್ತು. ಕುಮಟಾದಲ್ಲಿ ಇಳಿದೆ.

ಉಳಿದುಕೊಂಡದ್ದು ಅಘನಾಶಿನಿ ಊರಿನ ಒಂದು ಮನೆಯ ಮೇಲಿನ ಕೋಣೆಯಲ್ಲಿ. ನದಿಯ ಹೆಸರೇ ಊರಿಗೆ. ಶಿರಸಿ ಕಡೆ ಹುಟ್ಟಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಬಂದು ಇಲ್ಲಿ ಸಮುದ್ರ ಸೇರುತ್ತದೆ. ಆಚೆ ದಡ ತದಡಿ, ಅಲ್ಲಿಂದ ಸ್ವಲ್ಪ ಮುಂದೆ ಗೋಕರ್ಣ. ಗೋಕರ್ಣದಲ್ಲೇ ಉಳಿಯಬಹುದಿತ್ತು. ಆದರೆ ಶಿವರಾತ್ರಿ ಮಾರ್ಚ್ 8ಕ್ಕಿತ್ತು, ಅದು ಹತ್ತಿರ ಬಂದ ಹಾಗೆ ಗೋಕರ್ಣ ತುಂಬುತ್ತದೆ, ಕೋಣೆ ಬಾಡಿಗೆಯೂ ಏರುತ್ತದೆ. ನನಗೆ ಇಲ್ಲಿ ಎರಡು ಹೊತ್ತು ಊಟ ಸೇರಿ ದಿನಕ್ಕೆ 900 ರೂಪಾಯಿ.

ಇನ್ನು ಆರಾಮದ ಮಾತು. ಮೊದಲ ನಾಲ್ಕು ದಿನ ಆರಾಮ ಇರಲೇ ಇಲ್ಲ. ನಾನು ಹೋಗುವಾಗ 14 ದಿನಕ್ಕೆ ಎಕ್ಸೆಲ್ ಹಾಳೆ ಮಾಡಿಕೊಂಡು ಹೋಗಿದ್ದೆ! ಯಾಣ, ವಿಭೂತಿ ಜಲಪಾತ, ಉಂಚಳ್ಳಿ, ಮುರ್ಡೇಶ್ವರ, ಜೋಗ, ಎಲ್ಲಕ್ಕೂ ಸಮಯ, ಕಿಲೋಮೀಟರ್, ಬಸ್ಸು. ಯಾಣ ಆಯಿತು, ಮಿರ್ಜಾನ್ ಕೋಟೆ ಆಯಿತು. ಕೋಟೆಯ ಕೆಂಪು ಜಂಬಿಟ್ಟಿಗೆ ಗೋಡೆ ಮೇಲೆ ನಿಂತು ಫೋಟೋ ತೆಗೆದು, ಹಾಳೆಯಲ್ಲಿ ಆ ಸಾಲಿಗೆ ಹಸಿರು ಬಣ್ಣ ಹಚ್ಚಿದೆ. ಹಚ್ಚಿದ ಮೇಲೆ ಗೊತ್ತಾಯಿತು, ಇದು ಕಚೇರಿಯಲ್ಲಿ ಟೆಸ್ಟ್ ಕೇಸ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಾಸ್ ಎಂದು ಗುರುತು ಹಾಕುವ ಕೆಲಸವೇ. ಬೆಳಗ್ಗೆ ಐದು ಮುಕ್ಕಾಲಿಗೆ ಎಚ್ಚರ. ಒಂಬತ್ತೂವರೆಗೆ, ಮೀಟಿಂಗ್ ಹೊತ್ತಿಗೆ, ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ. ಚಾಟ್ ಆಪ್ ಅಳಿಸಿದ್ದೆ, ಆದರೂ ಹೆಬ್ಬೆರಳು ಅದೇ ಜಾಗಕ್ಕೆ ಹೋಗಿ ಅಲ್ಲಿ ಬಂದು ಕೂತಿದ್ದ ಹವಾಮಾನದ ಆಪ್ ತೆರೆಯುತ್ತಿತ್ತು. ಕುಮಟಾದ ಉಷ್ಣಾಂಶ ನನ್ನಷ್ಟು ಸಲ ಯಾರೂ ನೋಡಿರಲಿಕ್ಕಿಲ್ಲ.

ಐದನೇ ದಿನ ಜೋಗಕ್ಕೆ ಹೋಗಬೇಕಿತ್ತು. ಬಸ್ಸು ತಪ್ಪಿತು. ಫೆಬ್ರವರಿಯಲ್ಲಿ ಅಲ್ಲಿ ನೀರೂ ಹೆಚ್ಚಿರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ವಾಪಸ್ ಬಂದು ದಡದಲ್ಲಿ ಕೂತೆ. ಅಲ್ಲಿಂದ ನನ್ನ ರಜೆ ಶುರುವಾಯಿತು.

ಈ ಊರಿನ ದಿನ ಗಡಿಯಾರದ ಮೇಲೆ ನಡೆಯುವುದಿಲ್ಲ, ನೀರಿನ ಮೇಲೆ ನಡೆಯುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅದೂ ಪ್ರತಿದಿನ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. ಇವತ್ತು ಮೂರಕ್ಕೆ ಇಳಿದರೆ ನಾಳೆ ನಾಲ್ಕರ ಹತ್ತಿರ. ಹುಣ್ಣಿಮೆ ಸಮೀಪಿಸಿದಂತೆ ನೀರು ಇನ್ನೂ ದೂರ ಸರಿಯುತ್ತದೆ. ಆಗ ನದಿಯ ನಡುವೆ ಕಂದು ಮರಳಿನ ದಿಬ್ಬಗಳು ಏಳುತ್ತವೆ. ಅಲ್ಲಿಗೆ ಜನ ಬಳಚು ಎನ್ನುವ ಚಿಪ್ಪುಮೀನು ಹೆಕ್ಕಲು ಇಳಿಯುತ್ತಾರೆ.

ನಾನೂ ಇಳಿದೆ, ಮನೆಯವರ ಪರಿಚಯದ ಒಬ್ಬ ಹೆಂಗಸಿನ ಜೊತೆ. ಮೊಣಕಾಲು ತನಕ ನೀರು, ಕೆಳಗೆ ಮೆತ್ತನೆ ಕೆಸರು. ಆಕೆ ನೋಡುವುದೇ ಇಲ್ಲ. ಪಾದವನ್ನು ಕೆಸರಿನಲ್ಲಿ ಮೆಲ್ಲಗೆ ತಿರುಗಿಸುತ್ತಾರೆ, ಗಟ್ಟಿ ಸಿಕ್ಕಿದರೆ ಬಗ್ಗಿ ಕೈ ಹಾಕುತ್ತಾರೆ, ನಾಲ್ಕು ಚಿಪ್ಪು ಬುಟ್ಟಿಗೆ. ನನ್ನ ಕಾಲಿಗೆ ಸಿಕ್ಕಿದ್ದೆಲ್ಲ ಕಲ್ಲು, ಖಾಲಿ ಚಿಪ್ಪು, ಒಂದು ಹರಿದ ಚಪ್ಪಲಿ. "ಖಾಲಿದು ಕಾಲಿಗೆ ಗೊತ್ತಾಗ್ತದೆ, ಹಗೂರ ಇರ್ತದೆ" ಅಂದರು. ಒಂದೂವರೆ ತಾಸಿನಲ್ಲಿ ಅವರದು ಬುಟ್ಟಿ ತುಂಬಿತು, ನನ್ನದು ಎರಡು ಮುಷ್ಟಿ. ಅಷ್ಟರಲ್ಲಿ ಹಿಮ್ಮಡಿ ಹತ್ತಿರ ತಣ್ಣಗೆ ಸೆಳೆತ ಬಂತು. ನೀರು ತಿರುಗಿತ್ತು. ಆಕೆ ಆಗಲೇ ದಡದ ಕಡೆ ಹೊರಟಿದ್ದರು. ಆ ಒಂದೂವರೆ ತಾಸು ನಾನು ಕಚೇರಿ ನೆನೆಸಿಕೊಂಡಿರಲಿಲ್ಲ ಎಂದು ರಾತ್ರಿ ಮಲಗುವಾಗ ಹೊಳೆಯಿತು. ನಮಗೆ ಇದು ರಜೆಯ ಆಟ, ಅವರಿಗೆ ಸೊಂಟ ಮುರಿಯುವ ದುಡಿಮೆ ಎನ್ನುವುದೂ ಆಗಲೇ ಹೊಳೆಯಿತು. ಮುಂದಿನ ದಿನಗಳಲ್ಲಿ ನಾನು ಹೆಕ್ಕಿದ್ದನ್ನು ಅವರ ಬುಟ್ಟಿಗೇ ಹಾಕುತ್ತಿದ್ದೆ. ಬುಟ್ಟಿಯ ತೂಕದಲ್ಲೇನೂ ವ್ಯತ್ಯಾಸ ಆಗಲಿಲ್ಲ.

ನಾನು ಹೋಗುವ ಎರಡು ವಾರ ಮೊದಲು, ಜನವರಿ ಕೊನೆಗೆ, ನದಿ ಸಮುದ್ರ ಸೇರುವ ಈ ಅಳಿವೆಗೆ ರಾಮ್ಸರ್ ಮಾನ್ಯತೆ ಸಿಕ್ಕಿತ್ತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಕಗ್ಗ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲೂ ಬೆಳೆಯುವ ಭತ್ತ. ಆ ಕೆಂಪಕ್ಕಿ ಅನ್ನಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಹಾಕಿಕೊಂಡು ಉಂಡರೆ ಮಧ್ಯಾಹ್ನ ಎರಡು ತಾಸು ನಿದ್ದೆ ಗ್ಯಾರಂಟಿ. ನಿದ್ದೆ ಗುಳಿಗೆಯನ್ನು ಅಲ್ಲಿಗೆ ಒಯ್ದಿದ್ದೆ, ಸ್ಟ್ರಿಪ್ ಹಾಗೇ ವಾಪಸ್ ಬಂತು.

ಒಂದು ಮುಜುಗರ ಮಾತ್ರ ಉಳಿದಿತ್ತು. ತದಡಿಗೆ ದಾಟಿಸುವ ಬಾರ್ಜ್ ಇದೆ. ಜನ, ಬೈಕು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ. ಅದರಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಮೊದಲ ದಿನವೇ "ಎಂತ ಕೆಲ್ಸ ನಿಮ್ದು?" ಅಂದಿದ್ದರು. "ಕಂಪನೀಲಿ, ರಜೆ ಮೇಲೆ ಬಂದಿದೀನಿ" ಎಂದು ಸುಳ್ಳು ಹೇಳಿಬಿಟ್ಟೆ. ಕೆಲಸ ಇಲ್ಲ ಅನ್ನುವ ಮಾತು ಬಾಯಿಗೆ ಬರಲೇ ಇಲ್ಲ. 38 ವರ್ಷದ ಗಂಡಸು ಹಗಲು ಹೊತ್ತಿನಲ್ಲಿ ಸುಮ್ನೆ ಕೂತಿದ್ದರೆ ನಮ್ಮ ಕಡೆ ಎರಡೇ ಅರ್ಥ, ಕಾಯಿಲೆ ಇಲ್ಲವೇ ಸೋಮಾರಿತನ. ಅವರು ಮತ್ತೆ ಕೇಳಬಹುದೆಂದು ಒಂದೆರಡು ದಿನ ಬಾರ್ಜಿನ ಹಿಂದಿನ ಮೂಲೆಯಲ್ಲಿ ನಿಂತೆ.

ಹನ್ನೆರಡನೇ ದಿನ ಗೋಕರ್ಣಕ್ಕೆ ಹೋಗಲು ಬಾರ್ಜ್ ಹತ್ತಿದೆ. "ಇನ್ನೂ ರಜೆ ಮುಗೀಲಿಲ್ವಾ?" ಅಂದರು. "ಕೆಲಸ ಬಿಟ್ಟಿದೀನಿ" ಅಂದೆ. ಅವರು ಕರುಣೆ ತೋರಿಸಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ದಡ ಹತ್ತಿರ ಬರುತ್ತಿತ್ತು. "ಹಂಗಾರೆ ಆ ಹಗ್ಗ ಹಿಡ್ಕಳಿ" ಅಂದರು. ಹಿಡಿದೆ. ಒದ್ದೆ ಹಗ್ಗ, ಕೈಗೆಲ್ಲ ಮೀನಿನ ವಾಸನೆ. ಮಹಾಬಲೇಶ್ವರನ ಗುಡಿಗೆ ಹೋಗುವ ಮುಂಚೆ ಕೋಟಿತೀರ್ಥದ ಹತ್ತಿರ ಅಂಗಡಿಯಲ್ಲಿ ಸೋಪು ಕೊಂಡು ಎರಡು ಸಲ ತೊಳೆಯಬೇಕಾಯಿತು.

ಎರಡು ವಾರಕ್ಕೆ ಆದ ಒಟ್ಟು ಖರ್ಚು, ರೈಲು ಸೇರಿ, 21 ಸಾವಿರದ ಚಿಲ್ಲರೆ. ಉಳಿದ ದುಡ್ಡಿನಲ್ಲಿ ಇನ್ನೂ ನಾಲ್ಕು ದಿನ ಇರೋಣ ಅಂದುಕೊಂಡು ಟಿಕೆಟ್ ಮುಂದಕ್ಕೆ ಹಾಕಿದೆ. ಆ ನಾಲ್ಕು ದಿನದಲ್ಲಿ ಬಳಚು ನನ್ನ ಕಾಲಿಗೆ ಗೊತ್ತಾಗಲು ಶುರುವಾಗಿತ್ತು.