ಸಾವಿರ ಸಾಲಿನ ಪಟ್ಟಿಯಲ್ಲಿ ಬೇಕಾದದ್ದನ್ನಷ್ಟೇ ನೋಡುವುದು ಹೇಗೆ?

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿ ಹಂಗಾಮು ಮುಗಿಯುವ ಹೊತ್ತಿಗೆ ಶೀತಲಗೃಹಕ್ಕೆ ಸೇರಿದ ಮಾಲಿನ ಪಟ್ಟಿ ಉದ್ದವಾಗಿ ಬೆಳೆದಿರುತ್ತದೆ. ಯಾರ ಹಣ ಬಾಕಿ ಇದೆ, ಯಾವ ಊರಿನ ಮಾಲು ಎಷ್ಟು ಎಂದು ಕೇಳಿದರೆ ಪರದೆಯ ಮೇಲೆ ಬೆರಳಿಟ್ಟು ಹುಡುಕುವವರನ್ನು ಈಗಲೂ ನೋಡುತ್ತೇನೆ. ಲೆಕ್ಕದ ಪಟ್ಟಿ ಬರೆಯುವ ತಂತ್ರಾಂಶವಾದ ಎಕ್ಸೆಲ್‌ನ ಫಿಲ್ಟರ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಅದು ಯಾವ ಸಾಲನ್ನೂ ಅಳಿಸುವುದಿಲ್ಲ, ಬೇಡವಾದದ್ದನ್ನು ಮರೆಮಾಡುತ್ತದೆ ಅಷ್ಟೆ.

ಪಟ್ಟಿಯ ಮೊದಲ ಸಾಲಿನಲ್ಲಿ ತಲೆಬರಹಗಳಿರಲಿ: ದಿನಾಂಕ, ಬೆಳೆಗಾರ, ಊರು, ತೂಕ, ಬಾಕಿ. ವಾರಕ್ಕೊಮ್ಮೆ ಒಂದು ಸಾಲು ಖಾಲಿ ಬಿಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಫಿಲ್ಟರ್ ಆ ಖಾಲಿ ಸಾಲನ್ನೇ ಪಟ್ಟಿಯ ಕೊನೆ ಎಂದು ತಿಳಿಯುತ್ತದೆ. ಈಗ ಪಟ್ಟಿಯೊಳಗಿನ ಯಾವುದಾದರೂ ಒಂದು ಸೆಲ್ (ಚೌಕ) ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್, ಶಿಫ್ಟ್, ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಪ್ರತಿ ತಲೆಬರಹದ ಪಕ್ಕ ಪುಟ್ಟ ಬಾಣ ಮೂಡುತ್ತದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಇವೇ ಕೀಲಿಗಳು. ಗೂಗಲ್ ಶೀಟ್ಸ್ ಬಳಸುವವರು ಡೇಟಾ ಮೆನುವಿಗೆ ಹೋಗಬೇಕು.

‘ಊರು’ ಬಾಣವನ್ನು ಒತ್ತಿದರೆ ಎಲ್ಲ ಊರುಗಳ ಹೆಸರು ಬರುತ್ತದೆ. ಸೆಲೆಕ್ಟ್ ಆಲ್ ಎದುರಿನ ಗುರುತನ್ನು ತೆಗೆದು, ತಿಕೋಟಾ ಒಂದಕ್ಕೇ ಗುರುತು ಹಾಕಿ, ಓಕೆ ಒತ್ತಿ. ಎಡಬದಿಯ ಸಾಲುಸಂಖ್ಯೆಗಳು ನೀಲಿಯಾದರೆ ಫಿಲ್ಟರ್ ನಡೆಯುತ್ತಿದೆ ಎಂದರ್ಥ. ಮುಂದೆ ‘ಬಾಕಿ’ ಬಾಣದಲ್ಲಿ ನಂಬರ್ ಫಿಲ್ಟರ್ಸ್, ಅದರೊಳಗೆ ಗ್ರೇಟರ್ ದ್ಯಾನ್ ಆರಿಸಿ 0 ಎಂದು ಬರೆಯಿರಿ. ತಿಕೋಟಾದವರಲ್ಲಿ ಹಣ ಬರಬೇಕಾದವರು ಮಾತ್ರ ಉಳಿಯುತ್ತಾರೆ.

ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿ. ನಾನು ಲೆಕ್ಕ ಬರೆದುಕೊಟ್ಟ ಒಂದು ಗುಂಪಿನಲ್ಲಿ ಹೀಗೆ ತೆಗೆದ ಪಟ್ಟಿ ನೋಡಿ ಹಣ ಹಂಚಿದ ಮೇಲೆ ಹಿರಿಯ ಬೆಳೆಗಾರರೊಬ್ಬರು ಬಂದು, ‘ನಮ್ಮ ಹೆಸರು ಇಲ್ಲವೇ?’ ಎಂದು ಕೇಳಿದರು. ಅವರ ಸಾಲಿನಲ್ಲಿ ಊರಿನ ಹೆಸರನ್ನು ‘ತಿಕೋಟ’ ಎಂದು ಬರೆಯಲಾಗಿತ್ತು, ಒಂದು ದೀರ್ಘ ಬಿಟ್ಟುಹೋಗಿತ್ತು. ನಮಗೆ ಅದೇ ಊರು, ಕಂಪ್ಯೂಟರ್‌ಗೆ ಬೇರೆ ಊರು. ವರ್ಷವಿಡೀ ದುಡಿದವರನ್ನು ಹಾಗೆ ನಿಲ್ಲಿಸಿದ ನೋವು ನನಗೆ ಇನ್ನೂ ಇದೆ. ಹಳೆಯ ಕಡತಗಳನ್ನು ಸೇರಿಸಿದರೆ ಇದೇ ತೊಡಕು: 2014ರ ನವೆಂಬರ್ 1ರಂದು ಹೆಸರು ಬದಲಾದ ಕಾರಣ ಒಂದೇ ನಗರ ‘ಬಿಜಾಪುರ’, ‘ವಿಜಯಪುರ’ ಎಂದು ಎರಡು ಕಡೆ ಬರುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹೆಸರುಗಳಂತೂ ಬಾಣದ ಪಟ್ಟಿಯಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಆದ್ದರಿಂದ ಗುರುತು ಹಾಕುವ ಮೊದಲು ಬಾಣದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ಒಂದೇ ಊರು ಎರಡು ರೂಪದಲ್ಲಿದ್ದರೆ ಕಂಟ್ರೋಲ್ ಮತ್ತು ಎಚ್ ಒತ್ತಿ, ತೆರೆಯುವ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ಒಂದೇ ರೂಪಕ್ಕೆ ತನ್ನಿ. ತೂಕದ ಸೆಲ್‌ನಲ್ಲಿ ‘200 ಕೆಜಿ’ ಎಂದು ಬರೆಯದೆ 200 ಎಂದಷ್ಟೇ ಬರೆಯಿರಿ, ‘ಕೆಜಿ’ ತಲೆಬರಹದಲ್ಲಿರಲಿ. ಅಕ್ಷರ ಸೇರಿದರೆ ಆ ಸೆಲ್ ಸಂಖ್ಯೆಯಾಗಿ ಉಳಿಯುವುದಿಲ್ಲ.

ಮೊತ್ತದ ವಿಷಯದಲ್ಲೂ ಹಲವರು ಎಡವುತ್ತಾರೆ. ಸಮ್ (SUM) ಸೂತ್ರ ಮರೆಯಲ್ಲಿರುವ ಸಾಲುಗಳನ್ನೂ ಕೂಡಿಸುತ್ತದೆ. ಕಣ್ಣಿಗೆ ಕಾಣುವ ಸಾಲುಗಳ ಮೊತ್ತ ಬೇಕಾದರೆ ಸಬ್‌ಟೋಟಲ್ (SUBTOTAL) ಸೂತ್ರ ಬಳಸಿ. ಆವರಣದೊಳಗೆ ಮೊದಲು 9, ಅಲ್ಪವಿರಾಮ, ಆಮೇಲೆ ತೂಕದ ಸೆಲ್‌ಗಳ ವ್ಯಾಪ್ತಿ. ಊರು ಬದಲಿಸಿದಂತೆ ಮೊತ್ತವೂ ಬದಲಾಗುತ್ತದೆ. ಫಿಲ್ಟರ್ ಇರುವಾಗ ಬೇರೆಡೆಯಿಂದ ನಕಲು ಮಾಡಿದ್ದನ್ನು ಅಂಟಿಸಬೇಡಿ, ಮರೆಯಲ್ಲಿರುವ ಸಾಲುಗಳ ಮೇಲೂ ಅದು ಬೀಳಬಹುದು.

ಕೆಲಸ ಮುಗಿದ ಮೇಲೆ ಅದೇ ಮೂರು ಕೀಲಿಗಳನ್ನು ಮತ್ತೆ ಒತ್ತಿದರೆ ಇಡೀ ಪಟ್ಟಿ ಮರಳುತ್ತದೆ. ಇದನ್ನು ಮಾಡಿಯೇ ಕಡತ ಉಳಿಸಿ. ಫಿಲ್ಟರ್ ಕಡತದ ಜೊತೆಗೇ ಉಳಿಯುವುದರಿಂದ, ಮರುದಿನ ತೆರೆದವರು ಅರ್ಧ ಪಟ್ಟಿಯನ್ನೇ ಪೂರ್ತಿ ಎಂದು ತಿಳಿಯುತ್ತಾರೆ.