ಕೋಲ್ಡ್ ಬ್ರೂ: ಗಂಟೆಗಿಂತ ತರಿ ಮುಖ್ಯ

ಕೋಲ್ಡ್ ಬ್ರೂ ಅಂದರೆ ಕಾಫಿಪುಡಿಯನ್ನು ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಿದ ಕಾಫಿ. ಅದನ್ನು ಮಾಡಲು ಹೊರಟವರು ಮೊದಲು ಕೇಳುವುದು, ಎಷ್ಟು ಗಂಟೆ ನೆನೆಸಬೇಕು ಅಂತ. ನಾನು ಮೊದಲು ನೋಡುವುದು ಪುಡಿಯನ್ನು. 14 ಗಂಟೆಯ ಬದಲು 16 ಗಂಟೆ ಬಿಟ್ಟರೆ ಲೋಟದಲ್ಲಿ ಗೊತ್ತಾಗುವ ವ್ಯತ್ಯಾಸ ಅಷ್ಟಕ್ಕಷ್ಟೇ. ಆದರೆ ಪುಡಿ ಅರ್ಧ ತರಿ, ಅರ್ಧ ಹಿಟ್ಟು ಆಗಿದ್ದರೆ ಯಾವ ಗಂಟೆಗೆ ಸೋಸಿದರೂ ಒಗರು ಬಂದೇ ಬರುತ್ತದೆ. ಕೆಳಗಿನದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ನನ್ನ ಅಳತೆ 100 ಗ್ರಾಂ ಪುಡಿಗೆ 800 ಗ್ರಾಂ ನೀರು. ಎರಡನ್ನೂ ತಕ್ಕಡಿಯಲ್ಲೇ ತೂಗುತ್ತೇನೆ. ಚಮಚದ ಲೆಕ್ಕ ಇಲ್ಲಿ ಕೈಕೊಡುತ್ತದೆ: ತರಿಯಾದ ಪುಡಿ ಒಂದು ಚಮಚದಲ್ಲಿ ಹಿಡಿಯುವ ತೂಕ ಬೇರೆ, ನುಣ್ಣಗಿರುವುದು ಬೇರೆ, ಕಪ್ಪಗೆ ಹುರಿದ ಬೀಜ ನಸುಗೆಂಪಾಗಿ ಹುರಿದದ್ದಕ್ಕಿಂತ ಹಗುರ. ಪಾತ್ರೆ ಗಾಜಿನದು, ಒಂದೂವರೆ ಲೀಟರ್ ಹಿಡಿಯುವಂಥದ್ದು. ಒಂದು ಲೀಟರಿನ ಜಾರ್ ಸಾಲದು, ಮೇಲೆ ನೊರೆ ಎದ್ದು ಮುಚ್ಚಳಕ್ಕೆ ತಾಗುತ್ತದೆ.

ಒಂದಕ್ಕೆ ಎಂಟು ಯಾಕೆ? ಹಲವರು ಒಂದಕ್ಕೆ ನಾಲ್ಕು ಹಾಕಿ ಇನ್ನೂ ಗಟ್ಟಿಯಾಗಿ ಮಾಡುತ್ತಾರೆ. ಒಂದು ಗ್ರಾಂ ಕಾಫಿಪುಡಿ ಸುಮಾರು ಎರಡು ಗ್ರಾಂ ನೀರನ್ನು ಹೀರಿ ತನ್ನೊಳಗೇ ಇಟ್ಟುಕೊಳ್ಳುತ್ತದೆ, ಸೋಸಿದರೂ ಬಿಟ್ಟುಕೊಡುವುದಿಲ್ಲ. 100 ಗ್ರಾಂ ಪುಡಿಗೆ 400 ನೀರು ಹಾಕಿದರೆ 200 ಚರಟದಲ್ಲೇ ಉಳಿಯಿತು. ಅಂದರೆ ಕರಗಿ ಬಂದ ಸಾರದಲ್ಲಿ ಅರ್ಧ ಭಾಗ ಚರಟದ ಜೊತೆ ಹೊರಗೆ ಹೋಯಿತು. 800 ಹಾಕಿದರೆ ಹೋಗುವುದು ಕಾಲು ಭಾಗ, ಕೈಗೆ ಬರುವುದು ಸುಮಾರು 600 ಮಿ.ಲೀ. ಗಟ್ಟಿ ಡಿಕಾಕ್ಷನ್. ನೂರು ಗ್ರಾಂ ಪುಡಿಯಿಂದ 20 ಗ್ರಾಂ ಸಾರ ನೀರಿಗೆ ಇಳಿಯಿತು ಎಂದಿಟ್ಟುಕೊಂಡರೆ ಈ ಡಿಕಾಕ್ಷನ್ನಿನ ಗಟ್ಟಿತನ ಶೇ. 2.5. ಸಮ ಪ್ರಮಾಣದ ನೀರು ಬೆರೆಸಿದರೆ ಶೇ. 1.25 ಆಗಿ, ಬಿಸಿನೀರು ಸುರಿದು ಕಾಗದದಲ್ಲಿ ಇಳಿಸಿದ ಕಾಫಿಯ ಮಟ್ಟಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಲೆಕ್ಕವೂ ಸುಲಭ: ಒಂದು ಪಾಲು ಡಿಕಾಕ್ಷನ್, ಒಂದು ಪಾಲು ನೀರು.

ಈಗ ತರಿಯ ವಿಚಾರ. ಕಾಳು ಸುಮಾರು ಒಂದು ಮಿಲಿಮೀಟರ್ ಗಾತ್ರ ಇರಬೇಕು, ಒಡೆದ ಕಲ್ಲುಪ್ಪಿನ ಹಾಗೆ, ಬೆರಳ ನಡುವೆ ಉಜ್ಜಿದರೆ ಚುಚ್ಚಬೇಕು. ಗಾತ್ರಕ್ಕಿಂತಲೂ ಮುಖ್ಯ ಅದು ಒಂದೇ ಸಮನಾಗಿರುವುದು. ಒಂದು ಮಿಲಿಮೀಟರಿನ ಕಾಳಿಗೆ ಹೋಲಿಸಿದರೆ ಅದರ ಹತ್ತನೇ ಒಂದರಷ್ಟಿರುವ ಧೂಳಿಗೆ ಅದೇ ತೂಕದಲ್ಲಿ ಹತ್ತು ಪಟ್ಟು ಮೇಲ್ಮೈ ಇರುತ್ತದೆ. ಕಾಳು ನಿಧಾನಕ್ಕೆ ತನ್ನ ಸಿಹಿ ಬಿಟ್ಟುಕೊಡುತ್ತಿರುವಾಗ ಧೂಳು ಬೇಗನೆ ಎಲ್ಲವನ್ನೂ ಕೊಟ್ಟು ಮುಗಿಸಿ, ಉಳಿದ ಗಂಟೆಗಳಲ್ಲಿ ಒಗರನ್ನು ಬಿಡುತ್ತಾ ಕೂರುತ್ತದೆ. ಅದು ಜಾಲರಿಯ ತೂತಿನಿಂದಲೂ ನುಸುಳುತ್ತದೆ. ನುಸುಳಿದ್ದು ಬಾಟಲಿಯ ತಳದಲ್ಲಿ ಕೂತು ಫ್ರಿಜ್ಜಿನೊಳಗೂ ತನ್ನ ಕೆಲಸ ಮುಂದುವರಿಸುತ್ತದೆ. ಮೊದಲ ದಿನ ಚೆನ್ನಾಗಿದ್ದ ಕೋಲ್ಡ್ ಬ್ರೂ ಮೂರನೇ ದಿನಕ್ಕೆ ನಾಲಿಗೆ ಒಣಗಿಸುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಬೀಜವನ್ನು ಎರಡು ಹಲ್ಲುಬಿಲ್ಲೆಗಳ ನಡುವೆ ಅರೆಯುವ ಬರ್ ಗ್ರೈಂಡರ್ ಇದ್ದರೆ ಅತಿ ತರಿಯ ಕಡೆಗಿನ ಅಂಕೆಯಲ್ಲಿಟ್ಟು ಬೀಸಿದರೆ ಆಯಿತು. ಬ್ಲೇಡಿನ ಮಿಕ್ಸಿ ಮಾತ್ರ ಇದ್ದರೂ ಅಡ್ಡಿಯಿಲ್ಲ, ಸ್ವಲ್ಪ ಕೈಕೆಲಸ ಜಾಸ್ತಿ. ಒಂದು ಸಲಕ್ಕೆ 25-30 ಗ್ರಾಂ ಬೀಜ, ಅದಕ್ಕಿಂತ ಹೆಚ್ಚಲ್ಲ. ಒಂದೊಂದು ಸೆಕೆಂಡಿನಂತೆ ಎಂಟು ಹತ್ತು ಸಲ ತಿರುಗಿಸಿ ನಿಲ್ಲಿಸಬೇಕು, ನಡುವೆ ಜಾರನ್ನು ಕುಲುಕಬೇಕು. ಒಂದೇ ಸಮನೆ ಓಡಿಸಿದರೆ ತಳದ್ದು ಹಿಟ್ಟಾಗುತ್ತದೆ, ಮೇಲಿನದು ಇಡಿಯಾಗಿ ಉಳಿಯುತ್ತದೆ, ಪುಡಿಯೂ ಬಿಸಿಯಾಗುತ್ತದೆ. ಆಮೇಲೆ ಹಿಟ್ಟಿನ ಜರಡಿಯಲ್ಲಿ ಹಾಕಿ ಧೂಳನ್ನು ಕೆಳಕ್ಕೆ ಇಳಿಸಿಬಿಡಬೇಕು. ಹೀಗೆ ಮಾಡುವಾಗ ನಾನು 115 ಗ್ರಾಂ ಬೀಜ ತೆಗೆದುಕೊಳ್ಳುತ್ತೇನೆ, ಜರಡಿಯ ಮೇಲೆ ನೂರರ ಆಸುಪಾಸು ಉಳಿಯುತ್ತದೆ. ಇಳಿದ ಧೂಳು ಬಿಸಿ ಕಾಫಿಗೆ ಆಗುತ್ತದೆ, ಎಸೆಯಬೇಕಿಲ್ಲ.

ಬೀಜದ ಆಯ್ಕೆಯಲ್ಲಿ ನನ್ನ ಒಲವು ಮಧ್ಯಮದಿಂದ ಸ್ವಲ್ಪ ಕಪ್ಪಿನ ಕಡೆಗೆ ಹುರಿದದ್ದರ ಮೇಲೆ. ನಸುಗೆಂಪಾಗಿ ಹುರಿದ ಬೀಜ ಗಟ್ಟಿ, ತಣ್ಣೀರು ಅದರೊಳಕ್ಕೆ ಸಲೀಸಾಗಿ ಇಳಿಯುವುದಿಲ್ಲ; ಹುಲ್ಲಿನ ವಾಸನೆಯ ಹುಳಿ ಮಾತ್ರ ಬರುತ್ತದೆ. ಅದನ್ನೇ ಬಳಸಬೇಕೆಂದರೆ ತರಿಯನ್ನು ಒಂದು ಹಂತ ಸಣ್ಣದು ಮಾಡಿ, ನಾಲ್ಕು ಗಂಟೆ ಹೆಚ್ಚು ಕೊಡಿ. ಹುರಿದು ಒಂದು ವಾರದಿಂದ ಎರಡು ವಾರ ಕಳೆದ ಬೀಜ ಒಳ್ಳೆಯದು. ಹುರಿದ ಮರುದಿನದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ಪುಡಿ ನೀರಿನ ಮೇಲೆ ತೇಲುತ್ತಲೇ ಇರುತ್ತದೆ, ಗುಳ್ಳೆಗಳು ನೀರನ್ನು ಒಳಗೆ ಬಿಡುವುದಿಲ್ಲ. ಚಿಕೋರಿ ಬೆರೆತ ಪುಡಿ ಈ ವಿಧಾನಕ್ಕೆ ಒಗ್ಗುವುದಿಲ್ಲ. ಅದು ಸಾಮಾನ್ಯವಾಗಿ ನುಣ್ಣಗಿರುತ್ತದೆ, ಚಿಕೋರಿ ತಣ್ಣೀರಿಗೂ ಬೇಗ ಸಾರ ಬಿಟ್ಟು ಕಾಫಿಯ ರುಚಿಯನ್ನು ಮುಚ್ಚುತ್ತದೆ.

ನೀರಿನ ಬಗ್ಗೆ ಎರಡು ಮಾತು. ಆರ್.ಓ. ಯಂತ್ರದಿಂದ ಬರುವ ತೀರಾ ಖಾಲಿ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ. ಗಡಸು ನೀರಿನಲ್ಲಿ ಹುಳಿಯೆಲ್ಲ ಸತ್ತು ಮಂಕಾಗುತ್ತದೆ. ಲೀಟರಿಗೆ 75ರಿಂದ 250 ಮಿಲಿಗ್ರಾಂ ಕರಗಿದ ಲವಣ ಇರುವ ನೀರು ಸರಿ, 150 ಇದ್ದರೆ ಇನ್ನೂ ಒಳ್ಳೆಯದು. ಕ್ಲೋರಿನ್ ವಾಸನೆ ಇದ್ದರೆ ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ. ಬಿಸಿ ಕಾಫಿಯಲ್ಲಿ ಹಬೆಯ ಜೊತೆ ಸ್ವಲ್ಪ ಹೋಗಿಬಿಡುವ ಆ ವಾಸನೆ ಇಲ್ಲಿ ಪೂರ್ತಿ ಉಳಿದುಕೊಳ್ಳುತ್ತದೆ.

ನೆನೆಹಾಕುವುದು ಹೀಗೆ. ಪುಡಿಯನ್ನು ಜಾರಿಗೆ ಹಾಕಿ ಮೊದಲು 250 ಗ್ರಾಂ ನೀರು ಮಾತ್ರ ಸುರಿಯುತ್ತೇನೆ. ಉದ್ದ ಚಮಚದಿಂದ ತಳದವರೆಗೆ ಮಗುಚಿ, ಒಣ ಗಂಟು ಎಲ್ಲೂ ಉಳಿಯದಂತೆ ನೋಡುತ್ತೇನೆ. ಹತ್ತು ನಿಮಿಷ ಬಿಟ್ಟು ಉಳಿದ 550 ಸುರಿಯುವುದು. ಒಂದೇ ಸಲ 800 ಸುರಿದರೆ ಪುಡಿಯೆಲ್ಲ ಮೇಲೆದ್ದು ದಪ್ಪ ಪದರವಾಗುತ್ತದೆ, ಅದರ ನಡುವಿನ ಭಾಗ ಮರುದಿನ ಬೆಳಿಗ್ಗೆಯೂ ಅರೆ ಒಣಗಿರುತ್ತದೆ. ಮೊದಲ ಒಂದು ಗಂಟೆ ಮುಚ್ಚಳ ಸಡಿಲವಾಗಿರಲಿ, ಗಾಳಿ ಹೊರಹೋಗಬೇಕು. ಗಂಟೆ ಕಳೆದ ಮೇಲೆ ತೇಲುವ ಪದರವನ್ನು ಚಮಚದ ಬೆನ್ನಿನಿಂದ ಒಮ್ಮೆ ಮೆಲ್ಲಗೆ ಮುಳುಗಿಸಿ, ಬಿಗಿಯಾಗಿ ಮುಚ್ಚಿ. ಅಲ್ಲಿಗೆ ಕೈ ತೆಗೆಯಿರಿ. ಗಂಟೆಗೊಮ್ಮೆ ಕದಡಿದರೆ ರುಚಿ ಹೆಚ್ಚುತ್ತದೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕದಡಿದಷ್ಟೂ ಕಾಳುಗಳು ಒಂದಕ್ಕೊಂದು ತಿಕ್ಕಿ ಧೂಳೇಳುತ್ತದೆ, ಸೋಸುವಾಗ ಅದರ ಫಲ ಕಾಣುತ್ತದೆ.

ಹೊತ್ತಿನ ಲೆಕ್ಕ ಇಷ್ಟೇ: ಕೋಣೆ 20-22 ಡಿಗ್ರಿ ಸೆಲ್ಸಿಯಸ್ ಇದ್ದರೆ 14 ಗಂಟೆ, 4 ಡಿಗ್ರಿಯ ಫ್ರಿಜ್ಜಿನಲ್ಲಿ 20ರಿಂದ 22 ಗಂಟೆ. ಕೋಣೆ 28 ದಾಟಿದ್ದರೆ ಹೊರಗೆ ಇಡುವುದೇ ಇಲ್ಲ, ನೇರ ಫ್ರಿಜ್ಜಿಗೆ. ಗಂಟೆಗೆ ನಾನು ಅಷ್ಟು ತಲೆಕೆಡಿಸಿಕೊಳ್ಳದಿರುವುದಕ್ಕೆ ಆಧಾರವೂ ಇದೆ. ಮೇಗನ್ ಫುಲ್ಲರ್ ಮತ್ತು ನೈನಿ ರಾವ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಣೆಯ ಉಷ್ಣತೆಯ ನೀರಿನಲ್ಲಿ ಕೆಫೀನ್ ಪ್ರಮಾಣ ಆರೇಳು ಗಂಟೆಗೇ ಏರುವುದು ನಿಂತುಬಿಡುತ್ತದೆ ಎಂದು ಕಂಡುಬಂತು. ಆಮೇಲಿನ ಗಂಟೆಗಳಲ್ಲಿ ನಾವು ಕಾಯುವುದು ಮೈದುಂಬುವ ರುಚಿಗೆ. ಅದೂ ಅನಂತವಾಗಿ ಏರುವುದಿಲ್ಲ, 24 ಗಂಟೆ ದಾಟಿದರೆ ಒದ್ದೆ ಮರದ ರುಚಿ ಶುರುವಾಗುತ್ತದೆ.

ಸೋಸುವುದಕ್ಕೆ ತಾಳ್ಮೆ ಬೇಕು. ಹೆಚ್ಚಿನವರು ಜಾರನ್ನು ನೇರವಾಗಿ ಕಾಗದದ ಫಿಲ್ಟರಿಗೆ ಬಗ್ಗಿಸುತ್ತಾರೆ, ಎರಡು ನಿಮಿಷದಲ್ಲಿ ಕಾಗದದ ತೂತುಗಳನ್ನು ಧೂಳು ಕಟ್ಟಿಹಾಕಿ ಹನಿ ನಿಲ್ಲುತ್ತದೆ. ಆಗ ಚಮಚದಿಂದ ಕೆರೆಯುವುದು, ಹಿಂಡುವುದು. ಹಿಂಡಿದರೆ ಬರುವುದು ಕೆಸರು. ನಾನು ಮಾಡುವುದು ಹೀಗೆ: ಮೊದಲು ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯಲ್ಲಿ ಸೋಸಿ, ಚರಟವನ್ನು ಒತ್ತದೆ ಹತ್ತು ಹದಿನೈದು ನಿಮಿಷ ತಾನಾಗಿ ಬಸಿಯಲು ಬಿಡುತ್ತೇನೆ. ಬಸಿದಾದ ಮೇಲೆ ಅದೇ ಚರಟದ ಮೇಲೆ 150 ಮಿ.ಲೀ. ತಣ್ಣೀರನ್ನು ಸುತ್ತಲೂ ನಿಧಾನಕ್ಕೆ ಸುರಿದರೆ, ಒಳಗೆ ಸಿಕ್ಕಿಕೊಂಡಿದ್ದ ಸಾರದಲ್ಲಿ ಒಂದಷ್ಟು ಕೆಳಗಿಳಿಯುತ್ತದೆ. ಇದನ್ನು ಬೇರೆ ಪಾತ್ರೆಗೆ ಹಿಡಿದು, ಲೋಟಕ್ಕೆ ಬೆರೆಸುವ ನೀರಿನ ಬದಲು ಬಳಸುವುದು ನನ್ನ ಪದ್ಧತಿ. ಗಟ್ಟಿ ಡಿಕಾಕ್ಷನ್ನಿಗೆ ಸೇರಿಸಿದರೆ ಅದು ತೆಳುವಾಗಿ ಅಳತೆ ತಪ್ಪುತ್ತದೆ.

ಜಾಲರಿಯಿಂದ ಇಳಿದದ್ದನ್ನು ಎತ್ತರದ ಪಾತ್ರೆಯಲ್ಲಿ ಮುಚ್ಚಿ ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿ ಅಲುಗಾಡಿಸದೆ ಇಡಿ. ಗಸಿ ತಳಕ್ಕೆ ಕೂರುತ್ತದೆ. ಬಿಸಿನೀರಿನಲ್ಲಿ ತೊಳೆದ ಕಾಗದದ ಫಿಲ್ಟರಿಗೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ, ಕೊನೆಯ 40-50 ಮಿ.ಲೀ. ಬಿಟ್ಟುಬಿಡಿ. ಆ 50 ಮಿ.ಲೀ. ಆಸೆಗೆ ಇಡೀ ಬಾಟಲಿ ಕೆಡಿಸಬಾರದು. ಹನಿ ನಿಧಾನವಾದರೆ ಕೆರೆಯದೆ ಕಾಗದ ಬದಲಿಸಿ. ಕಾಗದದ ಬದಲು ತೆಳು ಹತ್ತಿಬಟ್ಟೆಯೂ ಆಗುತ್ತದೆ, ನಾಲ್ಕು ಪದರ ಮಡಿಸಿ. ಕಾಗದ ಎಣ್ಣೆಯಂಶವನ್ನು ಹಿಡಿದುಕೊಳ್ಳುವುದರಿಂದ ಕಾಫಿ ತಿಳಿಯಾಗಿ ಬರುತ್ತದೆ, ಹಾಲಿಲ್ಲದೆ ಕುಡಿಯುವವರಿಗೆ ಅದು ಚೆಂದ. ಬಟ್ಟೆಯಲ್ಲಿ ಸೋಸಿದ್ದು ಮಂದ, ಹಾಲಿಗೆ ಹೊಂದುತ್ತದೆ. ಬಟ್ಟೆಯನ್ನು ಪ್ರತಿ ಸಲ ಕುದಿಸಿ, ಸೋಪು ಹಾಕದೆ ಒಣಗಿಸಿ. ಸೋಪಿನ ಪರಿಮಳ ಕಾಫಿಗೆ ಹತ್ತಿದರೆ ಬಿಡುವುದಿಲ್ಲ. ಫ್ರೆಂಚ್ ಪ್ರೆಸ್ಸಿನಲ್ಲಿ (ಜಾಲರಿಯನ್ನು ಮೇಲಿನಿಂದ ಒತ್ತುವ ಕಾಫಿ ಪಾತ್ರೆ) ನೆನೆಸುವವರು ಅದರ ಜಾಲರಿಯನ್ನು ತಳದವರೆಗೆ ಒತ್ತದೆ, ನೀರಿನ ಮಟ್ಟಕ್ಕೆ ಇಳಿಸಿ ಬಗ್ಗಿಸಿದರೆ ಸಾಕು.

ಕೋಲ್ಡ್ ಬ್ರೂನಲ್ಲಿ ಆಮ್ಲ ಇಲ್ಲ, ಆದ್ದರಿಂದ ಹೊಟ್ಟೆಗೆ ಹಗುರ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಫುಲ್ಲರ್ ಮತ್ತು ರಾವ್ ಅವರೇ 2018ರಲ್ಲಿ ಅಳೆದಾಗ ಬಿಸಿ ಮತ್ತು ತಣ್ಣನೆ ಎರಡೂ ಕಾಫಿಯ ಪಿ.ಎಚ್. (ಆಮ್ಲತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 4.85ರಿಂದ 5.13ರ ನಡುವೆಯೇ ಇತ್ತು. ಕರಗಿದ ಆಮ್ಲಗಳ ಒಟ್ಟು ಮೊತ್ತ ಬಿಸಿಯದರಲ್ಲಿ ಹೆಚ್ಚು, ನಾಲಿಗೆಗೆ ತಣ್ಣನೆಯದು ಮೃದು ಅನ್ನಿಸುವುದು ಅದಕ್ಕೆ. ಕೆಫೀನ್ ವಿಷಯದಲ್ಲೂ ಎಚ್ಚರ ಬೇಕು. ಅರೇಬಿಕಾದಲ್ಲಿ ತೂಕದ ಶೇ. 1.2ರಷ್ಟು ಕೆಫೀನ್, 100 ಗ್ರಾಮಿನ ಎಲ್ಲವೂ ಇಳಿದರೆ ಗಟ್ಟಿ ಡಿಕಾಕ್ಷನ್ನಿನ 100 ಮಿ.ಲೀ.ಯಲ್ಲಿ 150 ಮಿಲಿಗ್ರಾಂ. ರೊಬಸ್ಟಾದಲ್ಲಿ ಶೇ. 2.2 ಹಿಡಿದರೆ ಅದು 275. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ. ರೊಬಸ್ಟಾ ಡಿಕಾಕ್ಷನ್ 150 ಮಿ.ಲೀ. ಆದರೆ 400 ದಾಟಿಬಿಡಬಹುದು. ಕಹಿ ಕಡಿಮೆ ಇರುವುದರಿಂದ ಎಷ್ಟು ಕುಡಿದೆವೆಂಬುದು ಗೊತ್ತೇ ಆಗುವುದಿಲ್ಲ.

ಕುದಿಸದ ಪದಾರ್ಥವಾದ್ದರಿಂದ ಶುಚಿಗೆ ರಿಯಾಯಿತಿ ಇಲ್ಲ. ಪಿ.ಎಚ್. 4.6ಕ್ಕಿಂತ ಮೇಲಿರುವ ಪಾನೀಯವನ್ನು ಗಾಳಿಯಾಡದಂತೆ ಮುಚ್ಚಿ ಹೊರಗೆ ಇಟ್ಟರೆ ಬಾಟ್ಯುಲಿನಮ್‌ನಂಥ ಅಪಾಯದ ಸೂಕ್ಷ್ಮಾಣುವೂ ಬೆಳೆಯಬಲ್ಲದು. ಸೋಸಿದ ಕೂಡಲೇ 5 ಡಿಗ್ರಿಗಿಂತ ಕೆಳಗೆ ಇಡಿ. ಗಟ್ಟಿ ಡಿಕಾಕ್ಷನ್ ಏಳು ದಿನ, ನೀರು ಬೆರೆಸಿದ್ದು ಎರಡು ದಿನ, ಹಾಲು ಬೆರೆಸಿದ್ದು ಅದೇ ದಿನ. ಜಾರಿನ ರಬ್ಬರ್ ಬಳೆ, ಜಾಲರಿಯ ಅಂಚು ಇವುಗಳಲ್ಲಿ ಕಾಫಿಯ ಎಣ್ಣೆ ನಿಂತು ಕಮಟು ಹಿಡಿಯುತ್ತದೆ. ಬಿಸಿನೀರಿಗೆ ಅಡಿಗೆ ಸೋಡ ಹಾಕಿ ಕಾಲು ಗಂಟೆ ನೆನೆಸಿ ಉಜ್ಜಿ.

ಲೋಟಕ್ಕೆ ಬೆರೆಸುವಾಗ ಐಸ್ ಕೂಡ ನೀರೇ ಎಂಬುದು ನೆನಪಿರಲಿ. ಐಸ್ ಹಾಕುವುದಾದರೆ 100 ಮಿ.ಲೀ. ಡಿಕಾಕ್ಷನ್ನಿಗೆ ನೀರು 50-60 ಸಾಕು, ಉಳಿದದ್ದನ್ನು ಐಸ್ ಕರಗಿ ತುಂಬುತ್ತದೆ. ಸಕ್ಕರೆ ತಣ್ಣಗಿನದರಲ್ಲಿ ತಳ ಹಿಡಿಯುತ್ತದೆ, ಸಮತೂಕದ ಸಕ್ಕರೆ ಮತ್ತು ನೀರು ಕಾಯಿಸಿ ಆರಿಸಿದ ಪಾಕ ಬಳಸಿ. ಹಾಲು ಹಾಕುವವರು ತಣ್ಣನೆಯದನ್ನೇ ಹಾಕಿ. ಬಿಸಿಯಾಗಿ ಕುಡಿಯಬೇಕೆಂದು ಫ್ರಿಜ್ಜಿನ ಡಿಕಾಕ್ಷನ್ನಿಗೆ ಅಷ್ಟೇ ಕುದಿನೀರು ಬೆರೆಸಿದರೆ ಸಿಗುವುದು 50 ಡಿಗ್ರಿಯ ಉಗುರುಬೆಚ್ಚಗಿನ ಕಾಫಿ. ಡಿಕಾಕ್ಷನ್ ಲೋಟವನ್ನು ಮೊದಲು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಒಲೆಯ ಮೇಲೆ ಕುದಿಸಬೇಡಿ.

ರುಚಿ ತಪ್ಪಿದಾಗ ಕಹಿಯನ್ನೂ ಒಗರನ್ನೂ ಬೇರೆ ಮಾಡಿ ನೋಡುವುದು ಮೊದಲ ಕೆಲಸ. ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವ ಕಹಿ ಸಾಮಾನ್ಯವಾಗಿ ಹುರಿದ ಹದದ್ದು, ಬೀಜ ಬದಲಿಸಬೇಕು. ಬಾಯಿ ಒಣಗಿಸುವ ಒಗರು ಧೂಳಿನದ್ದು. ಜರಡಿ ಹಿಡಿಯಿರಿ, ಅದಾದ ಮೇಲೂ ಇದ್ದರೆ ಎರಡು ಗಂಟೆ ಕಡಿಮೆ ಮಾಡಿ. ಹುಳಿಯಾಗಿ ನೀರುನೀರಾಗಿದ್ದರೆ ತರಿ ದಪ್ಪವಾಯಿತು, ಅಥವಾ ಒಳಗೆ ಒಣ ಗಂಟು ಉಳಿದಿತ್ತು. ಚರಟವನ್ನು ಬೆರಳಲ್ಲಿ ಒಡೆದು ನೋಡಿದರೆ ತಿಳಿಯುತ್ತದೆ. ಹುಳಿ, ಕಹಿ ಯಾವುದೂ ಇಲ್ಲದೆ ರಟ್ಟಿನ ರುಚಿ ಬಂದರೆ ಪುಡಿ ಹಳೆಯದು, ಅದಕ್ಕೆ ಯಾವ ಗಂಟೆಯೂ ಮದ್ದಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ತಾರೀಖು, ಗ್ರಾಂ, ಗ್ರೈಂಡರಿನ ಅಂಕೆ, ಗಂಟೆ ನಾಲ್ಕನ್ನೂ ಬರೆಯಿರಿ.