ಎಮ್ಮೆಗೆ ಮಫ್ಲರ್ ಕಟ್ಟಿದ ಮೇಲೆ: ಅಗ್ಗದ ಟೂಡಿ ಹಾಸ್ಯದಲ್ಲಿ ನನ್ನ ಅನುಭವ

ಈಗಿನ ಮಕ್ಕಳು ತ್ರೀಡಿ ಬಿಟ್ಟು ಬೇರೇನನ್ನೂ ನೋಡುವುದಿಲ್ಲವೆಂದು ವಾದಿಸಿದ್ದ ಗೆಳೆಯರೇ ನನ್ನ ಕಾರ್ಟೂನ್ ಎಮ್ಮೆಯ ಎಕ್ಸ್‌ಪೋಷರ್ ಶೀಟ್ (ಯಾವ ಫ್ರೇಮಿಗೆ ಯಾವ ಚಿತ್ರ ಎಂಬ ಪಟ್ಟಿ) ಕೇಳತೊಡಗಿರುವುದರಿಂದ, ಆರು ನಿಮಿಷದ ಕಂತೊಂದನ್ನು ಕಡಿಮೆ ಚಿತ್ರಗಳಲ್ಲೇ ಕೆಲಸ ಸಾಗಿಸುವ ಹಾನಾ–ಬಾರ್ಬೆರಾ ಕ್ರಮದಲ್ಲಿ ಮುಗಿಸಿದ ಬಗೆಯನ್ನು ಬರೆಯುತ್ತಿದ್ದೇನೆ.

1957ರಲ್ಲಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿದಾಗ, ಟಾಮ್ ಅಂಡ್ ಜೆರ್ರಿ ಮಾಡಿದ್ದ ವಿಲಿಯಂ ಹಾನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಐದು ನಿಮಿಷಕ್ಕೆ ಸುಮಾರು ಮೂರು ಸಾವಿರ ಡಾಲರ್ ಕೊಡುವ ಟೆಲಿವಿಷನ್‌ಗೆ ಇಳಿಯಬೇಕಾಯಿತು. ಅವರ ಯೋಗಿ ಕರಡಿಯ ಕಾಲರ್ ಆ ಬಡತನದ ಕೂಸು: ಮೈಯನ್ನು ಹಾಗೆಯೇ ನಿಲ್ಲಿಸಿ ತಲೆಯನ್ನಷ್ಟೇ ಮತ್ತೆ ಬರೆಯಬಹುದು, ಜೋಡಣೆಯ ಗೆರೆ ಕಾಣುವುದಿಲ್ಲ. ನನ್ನ ಎಮ್ಮೆಯ ಮಫ್ಲರ್ ಮಾಡುವುದೂ ಅದೇ ಕೆಲಸ.

ಸ್ಟುಡಿಯೊ ಒಂದು ಈ ಕಂತಿಗೆ ಮೂರೂವರೆ ಲಕ್ಷ ಕೇಳಿತ್ತು; ನನಗೆ ತಗುಲಿದ್ದು ಹೆಚ್ಚುಕಡಿಮೆ ಅರವತ್ತು ಸಾವಿರ. ಅದರಲ್ಲಿ ಇಪ್ಪತ್ತು ಸಾವಿರದಷ್ಟು ಮೊದಲ ಆವೃತ್ತಿಯೊಂದಿಗೇ ಮುಳುಗಿತು. ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುವ ಟ್ವೀನಿಂಗ್ ಅನ್ನು ಸಾಫ್ಟ್‌ವೇರ್‌ಗೆ ಬಿಟ್ಟಾಗ ಚಲನೆ ನುಣುಪಾಯಿತೇ ಹೊರತು, ಎಮ್ಮೆ ಕೆರೆಯಲ್ಲಿ ತೇಲುತ್ತಿರುವಂತೆ ಕಂಡು ನಗು ಸತ್ತೇ ಹೋಯಿತು. ಟ್ವೀನ್‌ಗಳನ್ನೆಲ್ಲ ಕಿತ್ತು, ಭಂಗಿಯಿಂದ ಭಂಗಿಗೆ ಜಿಗಿಸಿ, ನಡುವೆ ಭಂಗಿಯನ್ನು ಅಲುಗಿಸದೆ ನಿಲ್ಲಿಸುವ ಉದ್ದನೆಯ ಹೋಲ್ಡ್ ಇಟ್ಟಾಗಲೇ ಜೀವ ಬಂದದ್ದು.

ಉಳಿದ ಹಣದ ಬಹುಪಾಲನ್ನು ದನಿಗೆ ಸುರಿದೆ. ಹಾನಾ–ಬಾರ್ಬೆರಾರ ನಾಯಿ ಹಕಲ್‌ಬೆರಿ ಹೌಂಡ್‌ಗೂ ಯೋಗಿಗೂ ದನಿಯಾದ ಡಾಸ್ ಬಟ್ಲರ್ ಇಲ್ಲದಿದ್ದರೆ, ಬಾಯಿ ಮತ್ತು ರೆಪ್ಪೆ ಮಾತ್ರ ಆಡುವ ಆ ಚಿತ್ರಗಳನ್ನು ಇಂದಿಗೂ ಯಾರು ನೋಡುತ್ತಿದ್ದರು? ನಾನು ಹಿಡಿದದ್ದು ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರಗಳನ್ನು ಮಾಡಿ ಪಳಗಿದ ಹಿರಿಯ ಕಲಾವಿದರೊಬ್ಬರನ್ನು. ಮೊದಲು ಅವರ ದನಿ, ಅನಂತರ ಅನಿಮ್ಯಾಟಿಕ್ (ದನಿಗೆ ಹೊಂದಿಸಿದ ಕರಡು ಚಿತ್ರಗಳ ಸಾಲು), ಕೊನೆಗೆ ಚಿತ್ರ. ಈ ಕ್ರಮ ತಪ್ಪಿದರೆ ಉಳಿತಾಯದ ಮಾತೇ ಇಲ್ಲ.

ದನಿಗೆ ತುಟಿ ಹೊಂದಿಸುವ ಲಿಪ್ ಸಿಂಕ್‌ನಲ್ಲಿ, ಯಾವ ಉಚ್ಚಾರಕ್ಕೆ ಯಾವ ಬಾಯಿ ಎಂದು ತೋರಿಸುವ ಇಂಗ್ಲಿಷಿನ ಬಾಯಿ ಚಾರ್ಟ್ ನಮಗೆ ನೇರವಾಗಿ ಒಗ್ಗುವುದಿಲ್ಲ. ಅಪ್ಪ, ಅಮ್ಮ, ಹಬ್ಬ ಮುಂತಾದ ಕಡೆ ಮುಚ್ಚಿದ ತುಟಿಯನ್ನು ಒಂದೆರಡು ಫ್ರೇಮ್ ಹೆಚ್ಚು ಹಿಡಿಯದಿದ್ದರೆ ಒತ್ತಕ್ಷರ ಕೇಳಿಸಿದರೂ ಕಾಣಿಸುವುದಿಲ್ಲ. ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಕೊನೆಯ ಬಾಯನ್ನು ಥಟ್ಟನೆ ಮುಚ್ಚಲೂ ಬಾರದು. ಏಳೆಂಟು ಬಾಯಿಗಳಲ್ಲೇ ಇಡೀ ಕಂತು ಸಾಗಿತು. ದನಿಗಿಂತ ಬಾಯಿ ಎಷ್ಟು ಫ್ರೇಮ್ ಮುಂದಿರಬೇಕು ಎಂಬ ಲೆಕ್ಕವನ್ನು ಮಾತ್ರ ಇಲ್ಲಿ ಕೊಡಲಾರೆ. ಅದು ನನ್ನ ಅನ್ನ.

ಇದರ ನಡುವೆ ನಗುವಿನ ಟ್ರ್ಯಾಕ್ ಕೂಡ ಹಾಕಿ ನೋಡಿದೆ, 1960ರಲ್ಲಿ ಶುರುವಾದ ಹಾನಾ–ಬಾರ್ಬೆರಾರ ಫ್ಲಿಂಟ್‌ಸ್ಟೋನ್ಸ್‌ಗೆ ಅದು ಇತ್ತಲ್ಲ ಎಂದು. ಆದರೆ ಫ್ಲಿಂಟ್‌ಸ್ಟೋನ್ಸ್ ರಾತ್ರಿ ಹೊತ್ತು ದೊಡ್ಡವರೂ ಕುಳಿತು ನೋಡಲೆಂದು ಮಾಡಿದ ಕಾರ್ಯಕ್ರಮ. ನಮ್ಮ ಬಡಾವಣೆಯ ಮಕ್ಕಳು ಮಾತ್ರ ಯಾರು ನಗುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದರು. ಟ್ರ್ಯಾಕ್ ತೆಗೆದು, ಫ್ಲಿಂಟ್‌ಸ್ಟೋನ್ಸ್‌ನ ನಾಯಕ ಫ್ರೆಡ್ ಓಡುವ ಮೊದಲು ನಿಂತಲ್ಲೇ ಕಾಲು ಸುತ್ತಿಸುವಾಗ ಬೊಂಗೊ ಬಡಿಯುವ ಹಾಗೆ, ಎಮ್ಮೆಯ ಕಾಲಿಗೆ ತಮಟೆಯ ಏಟು ಕೂರಿಸಿದೆ. ಅಲ್ಲಿ ಅವರು ಬಿದ್ದು ಬಿದ್ದು ನಕ್ಕರು.

ಓಟ, ನಡಿಗೆ, ಬಾಯಿ, ಮರಳಿ ಮರಳಿ ಸುತ್ತುವ ಬೀದಿಯ ಬ್ಯಾಕ್‌ಗ್ರೌಂಡ್ ಎಲ್ಲವೂ ಕೈಯಲ್ಲಿದ್ದುದರಿಂದ ಎರಡನೆಯ ಕಂತು ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು, ಅದರಲ್ಲಿಯೂ ದೊಡ್ಡ ಪಾಲು ದನಿಗೇ ಹೋಯಿತು.